ಬ್ಯಾಕಪ್ ಇದೆ, ರಿಸ್ಟೋರ್ ಮಾತ್ರ ಆಗ್ತಿಲ್ಲ: ಸಾಫ್ಟ್‌ವೇರ್ ಬದಲಾಯಿಸ್ಬೇಕಾ?

ಪ್ರಶ್ನೆ: ನಮ್ಮ ಅಪ್ಲಿಕೇಶನ್‌ಗೆ ಎರಡು ಡೇಟಾಬೇಸ್ ಇದೆ, ಒಂದು ಮರಿಯಾಡಿಬಿ, ಇನ್ನೊಂದು ಪೋಸ್ಟ್‌ಗ್ರೆಸ್. ದಿನಾ ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸೋ ಟೂಲ್) ಎರಡನ್ನೂ ಡಂಪ್ ಮಾಡಿ, ಅಂದ್ರೆ ಫೈಲ್‌ಗೆ ಇಳಿಸಿ, ಜಿಝಿಪ್‌ನಿಂದ ಕಂಪ್ರೆಸ್ ಮಾಡಿ ಇಡ್ತೀವಿ, ಎರಡು ವರ್ಷದಿಂದ ಹೀಗೇ ನಡೀತಿದೆ. ಈಗ ಹೊಸ ಸರ್ವರ್‌ಗೆ ಹೋಗೋಣ ಅಂತ ರಿಸ್ಟೋರ್ ಮಾಡಿದ್ವಿ, ಅಲ್ಲಿ ಮರಿಯಾಡಿಬಿ ಬದಲು ಮೈಎಸ್‌ಕ್ಯುಎಲ್ 8 ಇದೆ. ಮೊದಲನೇ ಫೈಲ್ ಒಂದನೇ ಸಾಲಲ್ಲೇ 'ಅನ್‌ನೋನ್ ಕಮಾಂಡ್' ಅಂತ ಎರರ್ ಕೊಟ್ಟು ನಿಂತೋಯ್ತು. ಪೋಸ್ಟ್‌ಗ್ರೆಸ್ ಫೈಲ್ 'ಇನ್‌ವ್ಯಾಲಿಡ್ ಕಮಾಂಡ್ ಬ್ಯಾಕ್‌ಸ್ಲ್ಯಾಷ್ ಎನ್' ಅಂತ ಸಾವಿರಾರು ಸಾಲು ಎರರ್ ಸುರಿಸ್ತಾ ಕೊನೇತನಕ ಓಡ್ತು, ಆದ್ರೆ ಒಂದು ಟೇಬಲ್ ಇಲ್ಲವೇ ಇಲ್ಲ, ಎರಡು ಟೇಬಲ್ ಖಾಲಿ. ಹಳೇ ಸರ್ವರ್ ಇನ್ನೂ ನಡೀತಿದೆ. ನಮ್ಮ ಬ್ಯಾಕಪ್ ಫೈಲೇ ಹಾಳಾಗಿದ್ಯಾ? ಬೇರೆ ಬ್ಯಾಕಪ್ ಸಾಫ್ಟ್‌ವೇರ್ ತಗೋಬೇಕಾ?

ಉತ್ತರ:

ಮೊದಲು ಒಂದು ಮಾತು, ಹಳೇ ಸರ್ವರ್ ಇನ್ನೂ ನಡೀತಿದೆ ಅಂದ್ರಲ್ಲ, ಅದನ್ನ ಯಾವ ಕಾರಣಕ್ಕೂ ಈಗಲೇ ಆಫ್ ಮಾಡ್ಬೇಡಿ, ಡಿಸ್ಕ್ ಬೇರೆ ಕೆಲಸಕ್ಕೆ ಕೊಡ್ಬೇಡಿ. ಕೆಳಗೆ ಹೇಳೋ ಪರಿಹಾರಗಳಲ್ಲಿ ಅರ್ಧಕ್ಕರ್ಧ ಹಳೇ ಸರ್ವರ್ ಇದ್ರೆ ಹತ್ತು ನಿಮಿಷದ ಕೆಲಸ, ಇಲ್ಲ ಅಂದ್ರೆ ಇಡೀ ದಿನದ ಒದ್ದಾಟ.

ನಿಮ್ಮ ಫೈಲ್ ಹಾಳಾಗಿಲ್ಲ ಅಂತ ನನಗನ್ಸತ್ತೆ, ಸಾಫ್ಟ್‌ವೇರ್ ಬದಲಾಯಿಸೋದೂ ಬೇಡ. ಈ ಎರಡೂ ಎರರ್ ತುಂಬಾ ಜನರಿಗೆ ಬಂದಿರೋದೇ. ಬ್ಯಾಕಪ್ ಟೂಲ್‌ಗಳ ಗೊತ್ತಿರೋ ತೊಂದರೆಗಳನ್ನ ಒಂದೊಂದಾಗಿ ನೋಡಿದ್ರೆ ಬಹುಪಾಲು ಡಂಪ್ ತೆಗೆಯೋವಾಗ ಹುಟ್ಟಿದ್ದಲ್ಲ, ತೆಗೆದ ಜಾಗಕ್ಕೂ ಹಾಕೋ ಜಾಗಕ್ಕೂ ಮಧ್ಯೆ ಇರೋ ವ್ಯತ್ಯಾಸದಿಂದ ಹುಟ್ಟಿದ್ದು: ವರ್ಷನ್ ಬೇರೆ, ಯೂಸರ್ ಬೇರೆ, ಎಕ್ಸ್‌ಟೆನ್ಷನ್ ಬೇರೆ, ಆಪರೇಟಿಂಗ್ ಸಿಸ್ಟಂ ಬೇರೆ. ಅದಕ್ಕೇ ಎರಡು ವರ್ಷ ಡಂಪ್ ಸರಿಯಾಗಿ ನಡೀತಿದ್ರೂ ನಿಮಗೆ ಏನೂ ಗೊತ್ತಾಗ್ಲಿಲ್ಲ, ರಿಸ್ಟೋರ್ ಮಾಡೋ ದಿನಾನೇ ಎಲ್ಲ ಒಟ್ಟಿಗೆ ಎದ್ದು ಬಂತು.

ಮರಿಯಾಡಿಬಿದು ಮೊದಲು ನೋಡೋಣ, ಅದು ಸುಲಭ. ಡಂಪ್ ಫೈಲ್‌ನ ಮೊದಲ ಸಾಲು ತೆಗೆದು ನೋಡಿ, 999999 ಅನ್ನೋ ಸಂಖ್ಯೆ, ಒಂದು ಬ್ಯಾಕ್‌ಸ್ಲ್ಯಾಷ್, ಡ್ಯಾಶ್, ಆಮೇಲೆ 'ಎನೇಬಲ್ ದ ಸ್ಯಾಂಡ್‌ಬಾಕ್ಸ್ ಮೋಡ್' ಅಂತ ಒಂದು ಕಾಮೆಂಟ್ ಥರದ ಸಾಲು ಇರತ್ತೆ. 2024ರ ಮೇ ತಿಂಗಳಲ್ಲಿ ಬಂದ ಮರಿಯಾಡಿಬಿ ಅಪ್‌ಡೇಟ್‌ಗಳಿಂದ, ಅಂದ್ರೆ 10.5.25, 10.6.18, 10.11.8 ಈ ಸಾಲಿನ ವರ್ಷನ್‌ಗಳಿಂದ ಈಚೆಗೆ ಡಂಪ್ ಟೂಲ್ ಇದನ್ನ ತಾನೇ ಸೇರಿಸೋಕೆ ಶುರು ಮಾಡ್ತು. ಕಾರಣ ಸೆಕ್ಯುರಿಟಿ. ಯಾರಾದ್ರೂ ಡಂಪ್ ಫೈಲ್ ಒಳಗೆ ಕೆಟ್ಟ ಕಮಾಂಡ್ ತುರುಕಿದ್ರೆ ರಿಸ್ಟೋರ್ ಮಾಡೋವಾಗ ಅದು ನಿಮ್ಮ ಮಷೀನ್ ಮೇಲೆ ಶೆಲ್ ಕಮಾಂಡ್ ಆಗಿ ಓಡಬಹುದಿತ್ತು, ಅದನ್ನ ತಡೆಯೋಕೆ ಈ ಸಾಲು. ಹೊಸ ಮರಿಯಾಡಿಬಿ ಕ್ಲೈಂಟ್‌ಗೆ ಇದು ಅರ್ಥ ಆಗತ್ತೆ, ಹಳೇದಕ್ಕೆ ಆಗಲ್ಲ, ಮೈಎಸ್‌ಕ್ಯುಎಲ್ ಕ್ಲೈಂಟ್‌ಗೂ ಆಗಲ್ಲ, ಹಾಗಾಗಿ ಒಂದನೇ ಸಾಲಲ್ಲೇ ಬಿದ್ದೋಗತ್ತೆ. ಡಂಪ್ ನೀವೇ ತೆಗೆದಿದ್ದು, ಯಾರೂ ಮುಟ್ಟಿಲ್ಲ ಅಂತ ನಂಬಿಕೆ ಇದ್ರೆ ಆ ಒಂದು ಸಾಲು ಬಿಟ್ಟು ಎರಡನೇ ಸಾಲಿಂದ ಫೀಡ್ ಮಾಡಿ, ಟೇಲ್ ಕಮಾಂಡ್‌ಗೆ ಪ್ಲಸ್ 2 ಕೊಟ್ರೆ ಸಾಕು. ಮೂಲ ಫೈಲನ್ನ ಎಡಿಟರ್‌ನಲ್ಲಿ ತೆಗೆದು ತಿದ್ದೋಕೆ ಹೋಗ್ಬೇಡಿ, ದೊಡ್ಡ ಫೈಲ್ ಎಡಿಟರ್‌ನಲ್ಲಿ ಸೇವ್ ಮಾಡೋವಾಗ ಎನ್‌ಕೋಡಿಂಗ್ ಕೆಟ್ಟು ಹೋದ ಕೇಸ್‌ಗಳನ್ನ ನಾನೇ ಸರಿ ಮಾಡಿದ್ದೀನಿ.

ಇದೇ ಥರದ ಬದಲಾವಣೆ ಪೋಸ್ಟ್‌ಗ್ರೆಸ್‌ನಲ್ಲೂ ಬಂದಿದೆ. 2025ರ ಆಗಸ್ಟ್‌ನಲ್ಲಿ ಬಂದ 17.6, 16.10, 15.14, 14.19, 13.22 ವರ್ಷನ್‌ಗಳಿಂದ ಪ್ಲೇನ್ (ಬರೀ ಟೆಕ್ಸ್ಟ್) ಡಂಪ್ ಫೈಲ್‌ಗಳ ಮೇಲುಗಡೆ 'ಬ್ಯಾಕ್‌ಸ್ಲ್ಯಾಷ್ ರಿಸ್ಟ್ರಿಕ್ಟ್' ಅಂತ, ಕೊನೇಲಿ 'ಬ್ಯಾಕ್‌ಸ್ಲ್ಯಾಷ್ ಅನ್‌ರಿಸ್ಟ್ರಿಕ್ಟ್' ಅಂತ ಸಾಲು ಬರತ್ತೆ. ಅಲ್ಲೂ ಕಾರಣ ಅದೇ, ಮೂಲ ಸರ್ವರ್‌ನ ಸೂಪರ್‌ಯೂಸರ್ ಡಂಪ್ ಒಳಗೆ ಕಮಾಂಡ್ ತೂರಿಸೋದನ್ನ ತಡೆಯೋದು. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡೋ ಟೂಲ್ ಆದ ಪಿಎಸ್‌ಕ್ಯುಎಲ್‌ನ ಹಳೇ ಕ್ಲೈಂಟ್‌ನಲ್ಲಿ ಹಾಕಿದ್ರೆ 'ಇನ್‌ವ್ಯಾಲಿಡ್ ಕಮಾಂಡ್' ಅನ್ನತ್ತೆ. ಇದಕ್ಕೆ ಸರಿಯಾದ ದಾರಿ ಕ್ಲೈಂಟನ್ನ ಅದೇ ಮೇಜರ್ ವರ್ಷನ್‌ನ ಹೊಸ ಮೈನರ್‌ಗೆ ಅಪ್‌ಡೇಟ್ ಮಾಡೋದು, ಸಾಲು ಅಳಿಸೋದಲ್ಲ. ನಿಮಗೆ ಬಂದಿರೋದು ಇದಲ್ಲ ಬಿಡಿ, ಆದ್ರೆ ಮುಂದೆ ಬರಬಹುದು, ಎರಡರ ಮಾತೂ ಒಂದೇ ಥರ ಕೇಳ್ಸೋದ್ರಿಂದ ಗೊಂದಲ ಮಾಡ್ಕೋಬೇಡಿ.

ಮರಿಯಾಡಿಬಿಗೆ ವಾಪಸ್ ಬರ್ತೀನಿ. ಮೊದಲ ಸಾಲು ದಾಟಿದ ತಕ್ಷಣ ಮುಗೀಲಿಲ್ಲ, ಯಾಕಂದ್ರೆ ಮರಿಯಾಡಿಬಿ ಮತ್ತು ಮೈಎಸ್‌ಕ್ಯುಎಲ್ ಈಗ ಅಣ್ಣತಮ್ಮಂದಿರಾಗಿ ಉಳಿದಿಲ್ಲ, ದಾಯಾದಿಗಳಾಗಿದ್ದಾರೆ. ಕೊಲೇಷನ್, ಅಂದ್ರೆ ಅಕ್ಷರಗಳನ್ನ ಹೋಲಿಸಿ ಜೋಡಿಸೋ ನಿಯಮ, ಅದರ ಹೆಸರುಗಳು ಬೇರೆ ಆಗಿವೆ. ಮರಿಯಾಡಿಬಿ 10.10ರಿಂದ ಯುಸಿಎ 1400 ಅನ್ನೋ ಹೆಸರಿನ ಕೊಲೇಷನ್‌ಗಳು ಬಂದಿವೆ, ಮೈಎಸ್‌ಕ್ಯುಎಲ್‌ಗೆ ಅವು ಗೊತ್ತಿಲ್ಲ. ಉಲ್ಟಾ ದಿಕ್ಕಲ್ಲಿ ಮೈಎಸ್‌ಕ್ಯುಎಲ್ 8ರ ಡೀಫಾಲ್ಟ್ ಕೊಲೇಷನ್, ಅದೇ ಹೆಸರಲ್ಲಿ 0900 ಇರೋದು, ಮೈಎಸ್‌ಕ್ಯುಎಲ್ 5.7ಕ್ಕೆ ಹೋದ್ರೆ 1273 ನಂಬರಿನ ಎರರ್ ಬರತ್ತೆ. ಪರಿಹಾರ, ಫೈಲ್ ಓದ್ತಾ ಓದ್ತಾ ಆ ಹೆಸರನ್ನ ಎರಡೂ ಕಡೆ ಇರೋ ಯುಟಿಎಫ್8ಎಂಬಿ4 ಯೂನಿಕೋಡ್ ಕೊಲೇಷನ್‌ಗೆ ಸೆಡ್ ಕಮಾಂಡ್‌ನಿಂದ ಬದಲಾಯಿಸೋದು. ಆದ್ರೆ ಹುಷಾರು, ಸೆಡ್ ನಿಮ್ಮ ಡೇಟಾದ ಒಳಗೂ ಬದಲಾಯಿಸತ್ತೆ, ಹಾಗಾಗಿ ಸ್ಕೀಮಾ (ಟೇಬಲ್‌ಗಳ ರಚನೆ) ಬೇರೆ ಡೇಟಾ ಬೇರೆ ಎರಡು ಫೈಲ್ ಮಾಡಿ ಸ್ಕೀಮಾ ಫೈಲ್ ಮೇಲೆ ಮಾತ್ರ ಸೆಡ್ ಓಡಿಸಿ. ಜೇಸನ್ ಕಾಲಂ ಇದ್ರೆ ಇನ್ನೊಂದು ವಿಷಯ, ಮರಿಯಾಡಿಬಿನಲ್ಲಿ ಜೇಸನ್ ಅನ್ನೋದು ಲಾಂಗ್‌ಟೆಕ್ಸ್ಟ್‌ಗೆ ಇನ್ನೊಂದು ಹೆಸರು ಅಷ್ಟೇ, ಡಂಪ್‌ನಲ್ಲಿ ಲಾಂಗ್‌ಟೆಕ್ಸ್ಟ್ ಅಂತಲೇ ಬರತ್ತೆ, ಮೈಎಸ್‌ಕ್ಯುಎಲ್‌ನಲ್ಲಿ ನಿಜವಾದ ಜೇಸನ್ ಟೈಪ್ ಬೇಕು ಅಂದ್ರೆ ರಿಸ್ಟೋರ್ ಆದ್ಮೇಲೆ ನೀವೇ ಬದಲಾಯಿಸ್ಬೇಕು.

ಎರರ್ ಕೊಟ್ಟು ನಿಲ್ಲೋ ತೊಂದರೆ ಒಳ್ಳೇದು ಅಂತ ನಾನು ಯಾವಾಗ್ಲೂ ಹೇಳ್ತೀನಿ, ಏನೂ ಹೇಳದೇ ಬಿಟ್ಟು ಹೋಗೋದು ಭಯ. ಮೈಎಸ್‌ಕ್ಯುಎಲ್ ಡಂಪ್ ಟೂಲ್ ಆಗ್ಲಿ ಮರಿಯಾಡಿಬಿದಾಗ್ಲಿ ಟ್ರಿಗರ್‌ಗಳನ್ನ (ಸಾಲು ಬದಲಾದಾಗ ತಾನೇ ಓಡೋ ಕೋಡ್) ತಾನೇ ತಗೊಳ್ಳತ್ತೆ, ಆದ್ರೆ ಸ್ಟೋರ್ಡ್ ಪ್ರೊಸೀಜರ್, ಫಂಕ್ಷನ್, ಈವೆಂಟ್ ಇವನ್ನ ನೀವು ರೊಟೀನ್ಸ್ ಮತ್ತು ಈವೆಂಟ್ಸ್ ಆಪ್ಷನ್ ಕೊಟ್ರೆ ಮಾತ್ರ ತಗೊಳ್ಳತ್ತೆ. ಕೊಡ್ಲಿಲ್ಲ ಅಂದ್ರೆ ಒಂದು ವಾರ್ನಿಂಗ್ ಕೂಡ ಇರಲ್ಲ. ರಿಸ್ಟೋರ್ ನೀಟಾಗಿ ಮುಗಿಯತ್ತೆ, ಎಲ್ಲ ಟೇಬಲ್ ಇರತ್ತೆ, ತಿಂಗಳ ಕೊನೆಗೆ ಓಡಬೇಕಿದ್ದ ಈವೆಂಟ್ ಓಡದೇ ಇದ್ದಾಗ ಗೊತ್ತಾಗತ್ತೆ. ಹಾಗೇ ಸಿಂಗಲ್-ಟ್ರಾನ್ಸಾಕ್ಷನ್ ಆಪ್ಷನ್ ಹಾಕಿದ್ದೀನಿ, ಡಂಪ್ ಕನ್ಸಿಸ್ಟೆಂಟ್ ಆಗಿರತ್ತೆ ಅಂತ ತುಂಬಾ ಜನ ನೆಮ್ಮದಿಯಾಗಿರ್ತಾರೆ, ಅದು ಇನ್ನೋಡಿಬಿ ಅನ್ನೋ ಸ್ಟೋರೇಜ್ ಇಂಜಿನ್‌ನ ಟೇಬಲ್‌ಗಳಿಗೆ ಮಾತ್ರ ನಿಜ, ಎಲ್ಲೋ ಒಂದು ಹಳೇ ಮೈಐಸ್ಯಾಮ್ ಟೇಬಲ್ ಉಳ್ಕೊಂಡಿದ್ರೆ ಅದಕ್ಕೆ ಆ ರಕ್ಷಣೆ ಇಲ್ಲ. ಡಂಪ್ ನಡೀತಿರೋವಾಗ ಯಾರಾದ್ರೂ ಆಲ್ಟರ್ ಟೇಬಲ್ ಹೊಡೆದ್ರೂ ಕೆಡತ್ತೆ.

ಡಿಫೈನರ್ ತೊಂದರೆ ನಿಮಗೆ ಬಂದೇ ಬರತ್ತೆ. ವ್ಯೂ, ಟ್ರಿಗರ್, ಪ್ರೊಸೀಜರ್ ಎಲ್ಲದರ ಜೊತೆ ಅದನ್ನ ಬರೆದ ಯೂಸರ್ ಹೆಸರೂ ಹೋಸ್ಟೂ ಡಂಪ್‌ನಲ್ಲಿ ಇರತ್ತೆ. ಹೊಸ ಸರ್ವರ್‌ನಲ್ಲಿ ಆ ಯೂಸರ್ ಇಲ್ಲ ಅಂದ್ರೆ ಒಂದೋ ರಚಿಸೋವಾಗಲೇ ಪರ್ಮಿಷನ್ ಎರರ್, ಇಲ್ಲಾ ರಚಿಸಿದ್ಮೇಲೆ ಯಾರೋ ಆ ವ್ಯೂ ಬಳಸೋವಾಗ 1449 ನಂಬರಿನ ಎರರ್. ಎರಡನೇದು ಕೆಟ್ಟದ್ದು, ಯಾಕಂದ್ರೆ ರಿಸ್ಟೋರ್ ಸಕ್ಸಸ್ ಅಂತ ಎಲ್ಲರೂ ಮನೆಗೆ ಹೋಗಿರ್ತಾರೆ. ರಿಸ್ಟೋರ್‌ಗೆ ಮುಂಚೆ ಹಳೇ ಸರ್ವರ್‌ನ ಯೂಸರ್‌ಗಳನ್ನ ಹೊಸದರಲ್ಲಿ ರಚಿಸಿಡಿ, ಅದೇ ಸುಲಭ ದಾರಿ. ಮುಂದೆ ಹೊಸ ಸರ್ವರ್‌ನಿಂದ ಡಂಪ್ ತೆಗೆಯೋವಾಗ 'ಪ್ರೊಸೆಸ್ ಪ್ರಿವಿಲೇಜ್ ಬೇಕು' ಅಂತ ಅಡ್ಡ ಬಂದ್ರೆ ಗಾಬರಿ ಆಗ್ಬೇಡಿ, ಅದು 5.7.31 ಮತ್ತು 8.0.21ರಲ್ಲಿ ಬಂದ ಬದಲಾವಣೆ, ಟೇಬಲ್‌ಸ್ಪೇಸ್ ಮಾಹಿತಿ ಓದೋಕೆ ಆ ಹಕ್ಕು ಕೇಳತ್ತೆ, ನೋ-ಟೇಬಲ್‌ಸ್ಪೇಸಸ್ ಆಪ್ಷನ್ ಹಾಕಿದ್ರೆ ಆಯ್ತು. ಬ್ಯಾಕಪ್ ಯೂಸರ್‌ಗೆ ರೂಟ್ ಹಕ್ಕು ಕೊಟ್ಟು ಬಗೆಹರಿಸ್ಬೇಡಿ. 8ರ ಡಂಪ್ ಟೂಲ್‌ನಿಂದ 5.7 ಸರ್ವರ್ ಡಂಪ್ ಮಾಡಿದ್ರೆ ಕಾಲಂ ಸ್ಟ್ಯಾಟಿಸ್ಟಿಕ್ಸ್ ಟೇಬಲ್ ಇಲ್ಲ ಅಂತ 1109 ಬರತ್ತೆ, ಆ ಆಪ್ಷನ್‌ಗೆ 0 ಕೊಡಿ. ದೊಡ್ಡ ಬ್ಲಾಬ್ (ಫೋಟೋ, ಫೈಲ್ ಥರದ ಬೈನರಿ ಡೇಟಾ) ಇರೋ ಸಾಲಿನ ಹತ್ರ ಬಂದು 'ಸರ್ವರ್ ಹ್ಯಾಸ್ ಗಾನ್ ಅವೇ' ಅಂದ್ರೆ ಸರ್ವರ್ ಎಲ್ಲೂ ಹೋಗಿಲ್ಲ, ಮ್ಯಾಕ್ಸ್ ಅಲೌಡ್ ಪ್ಯಾಕೆಟ್ ಅನ್ನೋ ಮಿತಿ ಸಾಲ್ದು, ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ಏರಿಸಿ, 1 ಜಿಬಿ ತನಕ ಏರಿಸಬಹುದು.

ಈಗ ಪೋಸ್ಟ್‌ಗ್ರೆಸ್. ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಇದರಲ್ಲೇ ನಿಮ್ಮ ಡೇಟಾ ಕಳೆದಿರೋದು.

ಆ ಸಾವಿರಾರು 'ಬ್ಯಾಕ್‌ಸ್ಲ್ಯಾಷ್ ಎನ್' ಎರರ್ ಇದ್ಯಲ್ಲ, ಅದು ನಿಜವಾದ ಎರರ್ ಅಲ್ಲ, ಅದರ ಹಿಂದೆ ಅಡಗಿರೋದು ಬೇರೆ. ಪ್ಲೇನ್ ಡಂಪ್ ಫೈಲ್ ಒಳಗೆ ಟೇಬಲ್‌ನ ಡೇಟಾ ಹೇಗಿರತ್ತೆ ಅಂದ್ರೆ, ಮೊದಲು ಒಂದು ಕಾಪಿ ಕಮಾಂಡ್, ಆಮೇಲೆ ಟ್ಯಾಬ್ ಹಾಕಿ ಬೇರ್ಪಡಿಸಿದ ಸಾಲು ಸಾಲು ಡೇಟಾ, ನಲ್ ಇದ್ದ ಕಡೆಯೆಲ್ಲ ಬ್ಯಾಕ್‌ಸ್ಲ್ಯಾಷ್ ಎನ್, ಕೊನೇಲಿ ಬ್ಯಾಕ್‌ಸ್ಲ್ಯಾಷ್ ಚುಕ್ಕಿ. ಕಾಪಿ ಕಮಾಂಡ್ ಓಡಿದ್ರೆ ಪಿಎಸ್‌ಕ್ಯುಎಲ್ ಆ ಸಾಲುಗಳನ್ನ ಡೇಟಾ ಅಂತ ಓದ್ಕೊಳ್ಳತ್ತೆ. ಆದ್ರೆ ಟೇಬಲ್ಲೇ ಇಲ್ಲ ಅಂತ ಕಾಪಿ ಕಮಾಂಡ್ ಫೇಲ್ ಆದ್ರೆ? ಅದು ಮುಂದಿನ ಸಾಲುಗಳನ್ನೆಲ್ಲ ಕಮಾಂಡ್ ಅಂದ್ಕೊಂಡು ಓಡಿಸೋಕೆ ನೋಡತ್ತೆ, ಪ್ರತಿ ನಲ್‌ಗೂ ಒಂದು ಎರರ್ ಸುರಿಯತ್ತೆ. ಲಕ್ಷ ಸಾಲಿನ ಟೇಬಲ್ ಆದ್ರೆ ಸ್ಕ್ರೀನ್ ತುಂಬಾ ಇದೇ, ನಿಜವಾದ ಕಾರಣ ಹೇಳೋ ಒಂದು ಸಾಲು ಎಲ್ಲೋ ಮೇಲೆ ಸ್ಕ್ರಾಲ್ ಆಗಿ ಹೋಗಿರತ್ತೆ. ಹಾಗಾಗಿ ಎರರ್‌ಗಳನ್ನ ಫೈಲ್‌ಗೆ ಹಾಕಿ ಮೊಟ್ಟಮೊದಲ ಎರರ್ ಓದಿ, ಕೊನೇದಲ್ಲ. ಇನ್ನೂ ಒಳ್ಳೇದು ಅಂದ್ರೆ ಆನ್-ಎರರ್-ಸ್ಟಾಪ್ ವೇರಿಯಬಲ್ ಸೆಟ್ ಮಾಡಿ ಓಡಿಸಿ, ಮೊದಲ ಎರರ್‌ಗೇ ನಿಂತೋಗತ್ತೆ. ಅದನ್ನ ಸೆಟ್ ಮಾಡದಿದ್ರೆ ಪಿಎಸ್‌ಕ್ಯುಎಲ್ ಅಷ್ಟೆಲ್ಲ ಎರರ್ ಆದ್ಮೇಲೂ ಎಕ್ಸಿಟ್ ಕೋಡ್ 0 ಕೊಡತ್ತೆ, ನಿಮ್ಮ ಸ್ಕ್ರಿಪ್ಟ್ ಸಕ್ಸಸ್ ಅಂದ್ಕೊಳ್ಳತ್ತೆ, ಸೆಟ್ ಮಾಡಿದ್ರೆ 3 ಕೊಡತ್ತೆ. ಪೋಸ್ಟ್‌ಗ್ರೆಸ್‌ನ ರಿಸ್ಟೋರ್ ಟೂಲ್ ಪಿಜಿ ರಿಸ್ಟೋರ್ ಕೂಡ ಅಷ್ಟೇ, ಎಕ್ಸಿಟ್-ಆನ್-ಎರರ್ ಹೇಳದಿದ್ರೆ ಮುಂದೆ ಹೋಗ್ತಾನೇ ಇರತ್ತೆ, ಕೊನೇಲಿ ಇಷ್ಟು ಎರರ್ ಇಗ್ನೋರ್ ಮಾಡಿದೆ ಅಂತ ಒಂದು ಸಾಲು ಹೇಳತ್ತೆ.

ಟೇಬಲ್ ಯಾಕೆ ರಚನೆ ಆಗ್ಲಿಲ್ಲ ಅನ್ನೋದಕ್ಕೆ ನಾನು ಜಾಸ್ತಿ ನೋಡಿರೋ ಕಾರಣ ಎಕ್ಸ್‌ಟೆನ್ಷನ್, ಅಂದ್ರೆ ಪೋಸ್ಟ್‌ಗ್ರೆಸ್‌ಗೆ ಮೇಲಿಂದ ಸೇರಿಸೋ ಸೌಲಭ್ಯ. ಹಳೇ ಸರ್ವರ್‌ನಲ್ಲಿ ಸಿಟೆಕ್ಸ್ಟ್ ಅಥವಾ ಎಚ್‌ಸ್ಟೋರ್ ಅಥವಾ ಪೋಸ್ಟ್‌ಜಿಐಎಸ್ ಇರತ್ತೆ, ಹೊಸದರಲ್ಲಿ ಡೇಟಾಬೇಸ್ ಮಾತ್ರ ಇನ್‌ಸ್ಟಾಲ್ ಮಾಡಿರ್ತಾರೆ, ಕೆಲವು ಲಿನಕ್ಸ್‌ಗಳಲ್ಲಿ ಕಾಂಟ್ರಿಬ್ ಪ್ಯಾಕೇಜ್ ಬೇರೆ ಇನ್‌ಸ್ಟಾಲ್ ಮಾಡ್ಬೇಕು ಅನ್ನೋದು ಮರೆತುಹೋಗಿರತ್ತೆ. ಎಕ್ಸ್‌ಟೆನ್ಷನ್ ರಚನೆ ಫೇಲ್, ಆ ಟೈಪ್ ಇರೋ ಕಾಲಂ ಗೊತ್ತಿಲ್ಲ, ಟೇಬಲ್ ಫೇಲ್, ಕಾಪಿ ಫೇಲ್, ಆಮೇಲೆ ಬ್ಯಾಕ್‌ಸ್ಲ್ಯಾಷ್ ಎನ್ ಮಳೆ. ಹಳೇ ಸರ್ವರ್‌ನಲ್ಲಿ ಬ್ಯಾಕ್‌ಸ್ಲ್ಯಾಷ್ ಡಿಎಕ್ಸ್ ಕೊಟ್ಟು ಲಿಸ್ಟ್ ತಗೊಂಡು ಹೊಸದರಲ್ಲಿ ಮೊದಲೇ ಹಾಕಿಡಿ. 'ರೋಲ್ ಇಲ್ಲ' ಅನ್ನೋ ಎರರ್‌ಗಳೂ ಬಂದಿರಬೇಕು, ಪೋಸ್ಟ್‌ಗ್ರೆಸ್‌ನ ಡಂಪ್ ಟೂಲ್ ಪಿಜಿ ಡಂಪ್ ಒಂದು ಡೇಟಾಬೇಸ್ ಮಾತ್ರ ತಗೊಳ್ಳತ್ತೆ, ಯೂಸರ್‌ಗಳು, ಪಾಸ್‌ವರ್ಡ್‌ಗಳು, ಟೇಬಲ್‌ಸ್ಪೇಸ್‌ಗಳು ಅದರ ಹೊರಗೆ ಇರತ್ತೆ, ಅದಕ್ಕೆ ಪಿಜಿ ಡಂಪ್‌ಆಲ್‌ಗೆ ಗ್ಲೋಬಲ್ಸ್-ಓನ್ಲಿ ಕೊಟ್ಟು ಇನ್ನೊಂದು ಚಿಕ್ಕ ಫೈಲ್ ದಿನಾ ತೆಗೀಬೇಕು. ಇದು ನಿಮ್ಮ ಬ್ಯಾಕಪ್‌ನಲ್ಲಿ ಇಲ್ಲ ಅಂತ ನಿಮ್ಮ ಮಾತಿಂದಲೇ ಗೊತ್ತಾಗತ್ತೆ, ಇವತ್ತೇ ಸೇರಿಸಿ.

ಇನ್ನು ಆ ಎರಡು ಖಾಲಿ ಟೇಬಲ್. ಟೇಬಲ್ ಇದೆ, ಡೇಟಾ ಇಲ್ಲ ಅಂದ್ರೆ ಕಾಪಿ ಶುರು ಆಗಿ ಮಧ್ಯೆ ಬಿದ್ದಿದೆ. ಕಾಪಿ ಅನ್ನೋದು ಒಂದೇ ಕಮಾಂಡ್, ಹತ್ತು ಲಕ್ಷ ಸಾಲಲ್ಲಿ ಒಂದು ಸಾಲು ತಪ್ಪಿದ್ರೂ ಹತ್ತು ಲಕ್ಷವೂ ವಾಪಸ್. ಹಾಗಾದ್ರೆ ಹಳೇ ಸರ್ವರ್‌ನಲ್ಲಿ ಒಪ್ಪಿದ ಸಾಲು ಹೊಸದರಲ್ಲಿ ಯಾಕೆ ತಪ್ಪತ್ತೆ? ಚೆಕ್ ಕನ್‌ಸ್ಟ್ರೇಂಟ್ (ಸಾಲು ಸೇರಿಸೋ ಮುಂಚೆ ನೋಡೋ ಷರತ್ತು) ಒಳಗೆ ಫಂಕ್ಷನ್ ಕರೆದಿದ್ದೀರಾ ನೋಡಿ. ಉದಾಹರಣೆಗೆ ಆರ್ಡರ್ ಟೇಬಲ್‌ನಲ್ಲಿ ಒಂದು ಚೆಕ್ ಇದೆ, ಅದು ಒಂದು ಫಂಕ್ಷನ್ ಕರೆಯತ್ತೆ, ಆ ಫಂಕ್ಷನ್ ಒಳಗೆ 'ದರ ಟೇಬಲ್‌ನಲ್ಲಿ ಈ ಕೋಡ್ ಇದ್ಯಾ' ಅಂತ ನೋಡತ್ತೆ, ಟೇಬಲ್ ಹೆಸರನ್ನ ಪಬ್ಲಿಕ್ ಅಂತ ಸ್ಕೀಮಾ ಹೆಸರು (ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಗಳನ್ನ ಇಡೋ ಗುಂಪು) ಹಚ್ಚದೇ ಬರೀ ಹೆಸರು ಬರೆದಿದೆ. ದಿನನಿತ್ಯ ಇದು ಸರಿಯಾಗೇ ನಡೀತಿರತ್ತೆ. ಆದ್ರೆ 2018ರ ಮಾರ್ಚ್‌ನಲ್ಲಿ ಬಂದ 10.3, 9.6.8 ಅಪ್‌ಡೇಟ್‌ಗಳಿಂದ ಈಚೆಗೆ, ಒಂದು ಸೆಕ್ಯುರಿಟಿ ತೊಂದರೆ ಮುಚ್ಚೋಕೆ, ಪಿಜಿ ಡಂಪ್ ತನ್ನ ಫೈಲ್‌ನ ಮೇಲ್ಗಡೆ ಸರ್ಚ್ ಪಾತ್ (ಬರೀ ಹೆಸರು ಹೇಳಿದ ಟೇಬಲನ್ನ ಯಾವ ಸ್ಕೀಮಾಗಳಲ್ಲಿ ಹುಡುಕ್ಬೇಕು ಅನ್ನೋ ಪಟ್ಟಿ) ಖಾಲಿ ಮಾಡತ್ತೆ. ಅಂದ್ರೆ ರಿಸ್ಟೋರ್ ಹೊತ್ತಲ್ಲಿ ಬರೀ ಹೆಸರು ಹೇಳಿದ್ರೆ ಯಾವ ಟೇಬಲ್ಲೂ ಸಿಗಲ್ಲ. ಫಂಕ್ಷನ್ 'ರಿಲೇಷನ್ ಡಸ್ ನಾಟ್ ಎಕ್ಸಿಸ್ಟ್' ಅಂತ ಕೂಗತ್ತೆ, ಕಾಪಿ ಬೀಳತ್ತೆ, ಟೇಬಲ್ ಖಾಲಿ. ಇದೇ ಥರ ಫಂಕ್ಷನ್ ಬಳಸೋ ಇಂಡೆಕ್ಸ್ ಇದ್ರೆ ಇಂಡೆಕ್ಸ್ ಹೋಗತ್ತೆ, ಮೆಟೀರಿಯಲೈಸ್ಡ್ ವ್ಯೂ ಇದ್ರೆ ಅದು ಖಾಲಿ ಉಳಿಯತ್ತೆ.

ಪರಿಹಾರ: ಹಳೇ ಸರ್ವರ್‌ನಲ್ಲೇ ಆ ಫಂಕ್ಷನ್‌ಗೆ ಆಲ್ಟರ್ ಫಂಕ್ಷನ್ ಕೊಟ್ಟು ಸರ್ಚ್ ಪಾತ್ ಅಂಟಿಸಿ, ಇಲ್ಲಾ ಒಳಗಿನ ಹೆಸರಿಗೆಲ್ಲ ಸ್ಕೀಮಾ ಹಚ್ಚಿ, ಆಮೇಲೆ ಹೊಸದಾಗಿ ಡಂಪ್ ತೆಗೀರಿ. ಆದ್ರೆ ಇಷ್ಟು ಮಾಡಿದ್ರೂ ಇನ್ನೊಂದು ಸಂಗತಿ ಕಾಡಬಹುದು, ಆರ್ಡರ್ ಟೇಬಲ್ ತುಂಬೋ ಹೊತ್ತಿಗೆ ದರ ಟೇಬಲ್ ಇನ್ನೂ ತುಂಬಿರದೇ ಇರಬಹುದು, ಆಗ ಚೆಕ್ ಫೇಲ್ ಆಗತ್ತೆ. ಚೆಕ್ ಒಳಗೆ ಬೇರೆ ಟೇಬಲ್ ನೋಡೋದು ಪೋಸ್ಟ್‌ಗ್ರೆಸ್ ಡಾಕ್ಯುಮೆಂಟೇಷನ್‌ನಲ್ಲೇ ಬೇಡ ಅಂತ ಹೇಳಿರೋ ವಿಷಯ. ಆಗೋದಾದ್ರೆ ಫಾರಿನ್ ಕೀ ಮಾಡಿ, ಆಗದಿದ್ರೆ ಟ್ರಿಗರ್ ಮಾಡಿ, ಯಾಕಂದ್ರೆ ರಿಸ್ಟೋರ್‌ನಲ್ಲಿ ಅವೆರಡೂ ಡೇಟಾ ಎಲ್ಲ ತುಂಬಿದ್ಮೇಲೆ ಬರತ್ತೆ. ಮತ್ತೆ ಡಂಪ್ ತೆಗೆಯೋವಾಗ ದಯವಿಟ್ಟು ಪ್ಲೇನ್ ಬಿಟ್ಟು ಕಸ್ಟಮ್ ಫಾರ್ಮ್ಯಾಟ್ ತಗೊಳ್ಳಿ. ಅದು ತಾನೇ ಕಂಪ್ರೆಸ್ ಆಗಿರತ್ತೆ, ರಿಸ್ಟೋರನ್ನ ಪ್ರಿ-ಡೇಟಾ, ಡೇಟಾ, ಪೋಸ್ಟ್-ಡೇಟಾ ಅಂತ ಮೂರು ಹಂತದಲ್ಲಿ ಮಾಡಬಹುದು, ಮಧ್ಯೆ ನಿಂತು ಫಂಕ್ಷನ್ ಸರಿ ಮಾಡಿ ಮುಂದೆ ಹೋಗಬಹುದು, ಒಂದೇ ಟೇಬಲ್ ಬೇಕಾದ್ರೆ ಅದೊಂದೇ ತೆಗೀಬಹುದು, ಪ್ಯಾರಲಲ್ ಆಗಿ ಓಡಿಸಬಹುದು. ಪ್ಲೇನ್ ಫೈಲ್‌ನಲ್ಲಿ ಇದ್ಯಾವುದೂ ಇಲ್ಲ. ವರ್ಷನ್ ನಿಯಮ ಒಂದು ನೆನಪಿರಲಿ, ಹೊಸ ಪಿಜಿ ಡಂಪ್ ಹಳೇ ಸರ್ವರನ್ನ ಡಂಪ್ ಮಾಡತ್ತೆ, ಹಳೇ ಪಿಜಿ ಡಂಪ್ ತನಗಿಂತ ಹೊಸ ಮೇಜರ್ ವರ್ಷನ್ ಸರ್ವರನ್ನ ಮುಟ್ಟಲ್ಲ, ವರ್ಷನ್ ಮಿಸ್‌ಮ್ಯಾಚ್ ಅಂತ ನಿಂತುಬಿಡತ್ತೆ. ಸರ್ವರ್ ಶಿಫ್ಟ್ ಮಾಡೋವಾಗ ಹೊಸ ಕಡೆಯ ಟೂಲ್‌ನಿಂದಲೇ ಹಳೇ ಸರ್ವರನ್ನ ಡಂಪ್ ಮಾಡಿ. ರಿಸ್ಟೋರ್ ಮುಗಿದ್ಮೇಲೆ ಅನಲೈಜ್ (ಟೇಬಲ್‌ಗಳ ಅಂಕಿಅಂಶ ಲೆಕ್ಕ ಹಾಕೋ ಕಮಾಂಡ್) ಓಡಿಸೋದು ಮರೀಬೇಡಿ, ಇಲ್ಲ ಅಂದ್ರೆ ಎಲ್ಲ ಕ್ವೆರಿ ಆಮೆ ಥರ ಓಡಿ ಹೊಸ ಸರ್ವರ್ ಸರಿ ಇಲ್ಲ ಅಂತ ಬಯ್ಕೊಳ್ತೀರಿ.

ಈ ವರ್ಷನ್ ನಿಯಮ ಎಷ್ಟು ದುಬಾರಿ ಆಗಬಹುದು ಅನ್ನೋದಕ್ಕೆ ಎಲ್ಲರಿಗೂ ಗೊತ್ತಿರೋ ಒಂದು ಘಟನೆ ಇದೆ, ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್‌ನವರೇ ಪೂರ್ತಿ ಬರೆದು ಎಲ್ಲರ ಮುಂದೆ ಇಟ್ಟಿದ್ದಾರೆ, ಅದಕ್ಕೆ ಅವರ ಮೇಲೆ ನನಗೆ ತುಂಬಾ ಗೌರವ. 2017ರ ಜನವರಿ 31ರಂದು ಒಬ್ಬ ಇಂಜಿನಿಯರ್ ತಪ್ಪಿ ಪ್ರೈಮರಿ ಡೇಟಾಬೇಸ್‌ನ ಡೈರೆಕ್ಟರಿ ಅಳಿಸಿಬಿಟ್ರು, ನಿಲ್ಸೋ ಹೊತ್ತಿಗೆ ಸುಮಾರು 300 ಜಿಬಿನಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದ್ರೆ ಡಂಪ್ ಇರಬೇಕಿದ್ದ ಕ್ಲೌಡ್ ಸ್ಟೋರೇಜ್ ಬಕೆಟ್ ಖಾಲಿ. ಸರ್ವರ್ 9.6, ಬ್ಯಾಕಪ್ ಕೆಲಸಕ್ಕೆ ಓಡ್ತಿದ್ದ ಪಿಜಿ ಡಂಪ್ 9.2, ಪ್ರತಿ ಸಲ ಎರರ್ ಕೊಟ್ಟು ನಿಲ್ತಿತ್ತು. ಎರರ್ ಆದ್ರೆ ಕ್ರಾನ್ ಮೇಲ್ ಕಳಿಸ್ತಿತ್ತು, ಆದ್ರೆ ಆ ಮೇಲ್‌ಗಳಿಗೆ ಡಿಮಾರ್ಕ್ ಸಹಿ (ಮೇಲ್ ಅಸಲಿ ಅಂತ ತೋರಿಸೋ ಗುರುತು) ಇಲ್ಲ ಅಂತ ಮೇಲ್ ಸರ್ವರ್ ತಿರಸ್ಕರಿಸ್ತಿತ್ತು, ಯಾರಿಗೂ ತಲುಪ್ತಿರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆ ಕೈಯಾರೆ ತಗೊಂಡಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪ್ರತಿ) ಇತ್ತು, ಅದರಿಂದ ಬಚಾವಾದ್ರು, ಆ ಆರು ಗಂಟೆಯ ಡೇಟಾ ಹೋಯ್ತು.

ಇದನ್ನ ಯಾಕೆ ಹೇಳಿದೆ ಅಂದ್ರೆ ನಿಮ್ಮದೂ ಕ್ರಾನ್ ಮತ್ತು ಜಿಝಿಪ್. ನಾನು ಕೆಲಸ ಮಾಡ್ತಿದ್ದ ಒಂದು ಕಡೆ ಬ್ಯಾಕಪ್ ಫೋಲ್ಡರ್ ತೆಗೆದು ನೋಡಿದಾಗ ದಿನಕ್ಕೊಂದು ಫೈಲ್ ಸಾಲಾಗಿ ಇತ್ತು, ತಾರೀಖು ಎಲ್ಲ ಸರಿ, ಸೈಜ್ ನೋಡಿದ್ರೆ ಪ್ರತಿಯೊಂದೂ 20 ಬೈಟ್. ಆ ಕ್ಷಣ ಹೊಟ್ಟೆಯಲ್ಲಿ ಆದ ತಳಮಳ ಇವತ್ತಿಗೂ ನೆನಪಿದೆ. ಏನೂ ಇಲ್ಲದ್ದನ್ನ ಜಿಝಿಪ್ ಮಾಡಿದ್ರೆ ಬರೋ ಸೈಜ್ ಅದು, 20 ಬೈಟ್. ಡೇಟಾಬೇಸ್ ಪಾಸ್‌ವರ್ಡ್ ಯಾರೋ ಬದಲಾಯಿಸಿದ್ರು, ಡಂಪ್ ಲಾಗಿನ್ ಆಗ್ದೇ ಸತ್ತಿತ್ತು, ಆದ್ರೆ ಪೈಪ್‌ನಲ್ಲಿ (ಒಂದರ ಔಟ್‌ಪುಟ್ ಇನ್ನೊಂದಕ್ಕೆ ಹೋಗೋ ಹಾಗೆ ಕಮಾಂಡ್ ಜೋಡಿಸಿದಾಗ) ಶೆಲ್ ನೋಡೋದು ಕೊನೇ ಕಮಾಂಡ್‌ನ ಎಕ್ಸಿಟ್ ಕೋಡ್, ಕೊನೇದು ಜಿಝಿಪ್, ಅದು ಖಾಲಿಯನ್ನ ಚೆನ್ನಾಗಿ ಕಂಪ್ರೆಸ್ ಮಾಡಿ 0 ಕೊಟ್ಟಿತ್ತು. ಸ್ಕ್ರಿಪ್ಟ್ ಮೊದಲಲ್ಲಿ ಬ್ಯಾಶ್‌ನ ಪೈಪ್‌ಫೇಲ್ ಆಪ್ಷನ್ ಸೆಟ್ ಮಾಡಿದ್ರೆ ಇದು ತಪ್ಪತ್ತೆ. ಜೊತೆಗೆ ಫೈಲ್‌ನ ಕೊನೇ ಸಾಲುಗಳನ್ನ ಸ್ಕ್ರಿಪ್ಟ್‌ನಲ್ಲೇ ನೋಡಿಸಿ, ಮೈಎಸ್‌ಕ್ಯುಎಲ್ ಡಂಪ್ ಪೂರ್ತಿ ಆದ್ರೆ 'ಡಂಪ್ ಕಂಪ್ಲೀಟೆಡ್' ಅಂತ ಬರೆಯತ್ತೆ, ಪೋಸ್ಟ್‌ಗ್ರೆಸ್‌ನ ಪ್ಲೇನ್ ಡಂಪ್ 'ಡೇಟಾಬೇಸ್ ಡಂಪ್ ಕಂಪ್ಲೀಟ್' ಅಂತ. ಅದಿಲ್ಲ ಅಂದ್ರೆ ಅರ್ಧದಲ್ಲೇ ನಿಂತಿದೆ. ಕ್ರಾನ್‌ನ ಇನ್ನೊಂದು ಹಳೇ ಕಾಟ, ಕ್ರಾನ್‌ಟ್ಯಾಬ್ ಸಾಲಲ್ಲಿ ಪರ್ಸೆಂಟ್ ಚಿಹ್ನೆ ಹಾಗೇ ಬರೆದ್ರೆ ಅದನ್ನ ಹೊಸ ಸಾಲು ಅಂದ್ಕೊಳ್ಳತ್ತೆ, ಫೈಲ್ ಹೆಸರಿಗೆ ತಾರೀಖು ಹಾಕೋಕೆ ಹೋದವರೆಲ್ಲ ಇಲ್ಲಿ ಬಿದ್ದಿದ್ದಾರೆ, ಕೈಯಿಂದ ಓಡಿಸಿದ್ರೆ ಸರಿ ಇರತ್ತೆ ರಾತ್ರಿ ಮಾತ್ರ ಓಡಲ್ಲ. ಬ್ಯಾಕ್‌ಸ್ಲ್ಯಾಷ್ ಹಾಕಿ, ಇಲ್ಲಾ ಎಲ್ಲವನ್ನೂ ಸ್ಕ್ರಿಪ್ಟ್ ಫೈಲ್‌ಗೆ ಹಾಕಿ ಕ್ರಾನ್‌ನಿಂದ ಅದನ್ನ ಮಾತ್ರ ಕರೀರಿ. ವಿಂಡೋಸ್‌ನಲ್ಲಿ ಪವರ್‌ಶೆಲ್‌ನಿಂದ ರೀಡೈರೆಕ್ಟ್ ಮಾಡಿ ಮೈಎಸ್‌ಕ್ಯುಎಲ್ ಡಂಪ್ ತೆಗೆಯೋರಿಗೆ ಫೈಲ್ ಯುಟಿಎಫ್-16 ಆಗಿ ಬಂದು ರಿಸ್ಟೋರ್ ಆಗಲ್ಲ, ರಿಸಲ್ಟ್-ಫೈಲ್ ಆಪ್ಷನ್ ಬಳಸ್ಬೇಕು.

ಡಂಪ್ ಬೇಡ, ಡೇಟಾ ಡೈರೆಕ್ಟರಿನೇ ಕಾಪಿ ಮಾಡಿಬಿಡೋಣ ಅಂತ ನಿಮಗೆ ಅನಿಸಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ ಪಿಜಿ ಬೇಸ್‌ಬ್ಯಾಕಪ್ ಇದೆ, ಒಳ್ಳೇ ಟೂಲ್, ಆದ್ರೆ ಮೇಜರ್ ವರ್ಷನ್ ಒಂದೇ ಇರಬೇಕು, ಮತ್ತೆ ಹಳೇ ಲಿನಕ್ಸ್‌ನಿಂದ ಹೊಸ ಲಿನಕ್ಸ್‌ಗೆ ಹೋಗ್ತಿದ್ರೆ ಒಂದು ಗುಪ್ತ ತೊಂದರೆ ಇದೆ. ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ 2018ರಲ್ಲಿ ಬಂದ 2.28ರಲ್ಲಿ ಅಕ್ಷರಗಳನ್ನ ಜೋಡಿಸೋ ಕ್ರಮ ಬದಲಾಯ್ತು, ಡೆಬಿಯನ್ 10, ರೆಡ್‌ಹ್ಯಾಟ್ 8ರಿಂದ ಅದೇ ಇರೋದು. ಹಳೇ ಕ್ರಮದಲ್ಲಿ ಕಟ್ಟಿದ ಟೆಕ್ಸ್ಟ್ ಇಂಡೆಕ್ಸನ್ನ ಹೊಸ ಕ್ರಮದಲ್ಲಿ ಓದಿದ್ರೆ ಇರೋ ಸಾಲು ಸಿಗಲ್ಲ ಅನ್ನತ್ತೆ, ಯುನೀಕ್ ಕಾಲಂನಲ್ಲಿ ಡೂಪ್ಲಿಕೇಟ್ ನುಸುಳತ್ತೆ, ಎರರ್ ಮಾತ್ರ ಬರಲ್ಲ. ಹಾಗೆ ಕಾಪಿ ಮಾಡಿದ್ರೆ ಅಪ್ಲಿಕೇಶನ್ ಬಿಡೋ ಮುಂಚೆ ಟೆಕ್ಸ್ಟ್ ಕಾಲಂಗಳ ಇಂಡೆಕ್ಸ್ ಎಲ್ಲ ರೀಇಂಡೆಕ್ಸ್ ಮಾಡಿ. ಡಂಪ್ ಮೂಲಕ ಹೋದ್ರೆ ಇಂಡೆಕ್ಸ್ ಹೊಸದಾಗೇ ಕಟ್ಟೋದ್ರಿಂದ ಈ ತೊಂದರೆ ಇಲ್ಲ, ನಿಮ್ಮ ಸೈಜ್‌ಗೆ ಡಂಪೇ ಸಾಕು. ಮೈಎಸ್‌ಕ್ಯುಎಲ್ ಕಡೆ ಎಕ್ಸ್‌ಟ್ರಾಬ್ಯಾಕಪ್ (ಡೇಟಾ ಫೈಲ್‌ಗಳನ್ನೇ ಕಾಪಿ ಮಾಡೋ ಟೂಲ್) ಬಳಸೋರು ಪ್ರಿಪೇರ್ ಹಂತ ಬಿಟ್ಟು ಫೈಲ್ ವಾಪಸ್ ಇಟ್ರೆ ಸರ್ವರ್ ಏಳಲ್ಲ ಅನ್ನೋದು ಗೊತ್ತಿರಲಿ.

ಎಸ್‌ಕ್ಯುಎಲ್ ಸರ್ವರ್ ಬಳಸೋರು ಇದನ್ನ ಓದ್ತಿದ್ರೆ ಅವರಿಗೆ ಎರಡು ಮಾತು. ಟಿಡಿಇ ಎನ್‌ಕ್ರಿಪ್ಷನ್ (ಡೇಟಾ ಫೈಲ್‌ಗಳನ್ನೇ ಕೀ ಇಲ್ಲದೇ ಓದೋಕಾಗದ ಹಾಗೆ ಇಡೋದು) ಆನ್ ಇದ್ರೆ ಡೇಟಾಬೇಸ್ ಬ್ಯಾಕಪ್ ಒಂದೇ ಸಾಕಾಗಲ್ಲ, ಸರ್ಟಿಫಿಕೇಟ್ ಮತ್ತು ಅದರ ಪ್ರೈವೇಟ್ ಕೀ ಬೇರೆ ಬ್ಯಾಕಪ್ ತಗೊಂಡು ಬೇರೆ ಜಾಗದಲ್ಲಿ ಇಟ್ಟಿರಬೇಕು, ಅದು ಕಳೆದ್ರೆ ಹೊಸ ಸರ್ವರ್‌ನಲ್ಲಿ 33111 ಎರರ್ ಬರತ್ತೆ, ಅದಕ್ಕೆ ಯಾವ ಪರಿಹಾರವೂ ಇಲ್ಲ. ಮತ್ತೆ ಯಾರೋ ಮಧ್ಯೆ ಟೆಸ್ಟಿಂಗ್‌ಗೆ ಅಂತ ಒಂದು ಫುಲ್ ಬ್ಯಾಕಪ್ ತಗೊಂಡು ಅಳಿಸಿದ್ರೆ ಆಮೇಲಿನ ಡಿಫರೆನ್ಷಿಯಲ್ ಬ್ಯಾಕಪ್‌ಗಳೆಲ್ಲ (ಫುಲ್ ಆದ್ಮೇಲೆ ಬದಲಾದದ್ದು ಮಾತ್ರ ಇರೋವು) ಆ ಅಳಿಸಿದ ಫೈಲ್ ಮೇಲೆ ನಿಂತಿರತ್ತೆ, ಅಂಥ ಬ್ಯಾಕಪ್‌ಗೆ ಕಾಪಿ-ಓನ್ಲಿ ಹಾಕೋದು ಕಡ್ಡಾಯ ಅಂತ ಟೀಮ್‌ಗೆ ಹೇಳಿಡಿ. ರಿಸ್ಟೋರ್ ಆದ್ಮೇಲೆ ಲಾಗಿನ್ ಕೆಲಸ ಮಾಡ್ತಿಲ್ಲ ಅಂದ್ರೆ ಅನಾಥ ಯೂಸರ್ ತೊಂದರೆ, ಆಲ್ಟರ್ ಯೂಸರ್ ವಿತ್ ಲಾಗಿನ್ ಕೊಟ್ಟು ಮತ್ತೆ ಜೋಡಿಸಿ.

ಸರಿ, ನೀವು ಈಗ ಏನು ಮಾಡ್ಬೇಕು. ಹೊಸ ಸರ್ವರ್‌ನಲ್ಲಿ ಈಗ ಅರ್ಧ ತುಂಬಿರೋ ಎರಡು ಡೇಟಾಬೇಸನ್ನೂ ಅಳಿಸಿ, ಅದರ ಮೇಲೇ ತೇಪೆ ಹಾಕ್ಬೇಡಿ. ಎಕ್ಸ್‌ಟೆನ್ಷನ್, ಯೂಸರ್, ರೋಲ್ ಮೊದಲು ರೆಡಿ ಮಾಡಿ. ಹಳೇ ಸರ್ವರ್‌ನಲ್ಲಿ ಫಂಕ್ಷನ್ ಸರಿ ಮಾಡಿ ಹೊಸ ಕಡೆಯ ಪಿಜಿ ಡಂಪ್‌ನಿಂದ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ತೆಗೀರಿ, ಮರಿಯಾಡಿಬಿಯನ್ನ ರೊಟೀನ್ಸ್, ಈವೆಂಟ್ಸ್, ಸಿಂಗಲ್-ಟ್ರಾನ್ಸಾಕ್ಷನ್ ಆಪ್ಷನ್ ಹಾಕಿ ಸ್ಕೀಮಾ ಬೇರೆ ಡೇಟಾ ಬೇರೆ ತೆಗೀರಿ. ಸ್ಕೀಮಾ ಮತ್ತು ಡೇಟಾ ತೆಗೆಯೋ ನಡುವೆ ಯಾರೂ ಟೇಬಲ್ ಬದಲಾಯಿಸದ ಹಾಗೆ ನೋಡ್ಕೊಳ್ಳಿ, ರೊಟೀನ್ಸ್ ಸ್ಕೀಮಾ ಫೈಲ್‌ಗೇ ಹೋಗ್ಲಿ. ಟ್ರಿಗರ್‌ಗಳನ್ನ ಮಾತ್ರ ಸ್ಕೀಮಾ ಫೈಲ್‌ನಿಂದ ತೆಗೆದು ಡೇಟಾ ತುಂಬಿದ್ಮೇಲೆ ಹಾಕಿ, ಮೊದಲೇ ಇದ್ರೆ ಡೇಟಾ ತುಂಬೋವಾಗ ಪ್ರತಿ ಸಾಲಿಗೂ ಟ್ರಿಗರ್ ಓಡಿ ಲೆಕ್ಕ ಕೆಡತ್ತೆ. ರಿಸ್ಟೋರ್ ಮೊದಲ ಎರರ್‌ಗೇ ನಿಲ್ಲೋ ಹಾಗೆ ಓಡಿಸಿ, ಎಷ್ಟು ಹೊತ್ತು ತಗೊಳ್ತು ಬರೆದಿಡಿ, ಇಂಡೆಕ್ಸ್ ಕಟ್ಟೋದ್ರಿಂದ ಡಂಪ್‌ಗಿಂತ ತುಂಬಾ ಜಾಸ್ತಿ ತಗೊಳ್ಳತ್ತೆ, ನಿಜವಾಗಿ ಸರ್ವರ್ ಬಿದ್ದ ದಿನ ಎಲ್ಲರೂ ಮೊದಲು ಕೇಳೋ ಪ್ರಶ್ನೆ ಅದೇ. ಮುಗಿದ್ಮೇಲೆ ಎರಡೂ ಸರ್ವರ್‌ನಲ್ಲಿ ಪ್ರತಿ ಟೇಬಲ್‌ನ ಸಾಲು ಎಣಿಸಿ ಪಕ್ಕಪಕ್ಕ ಇಟ್ಟು ನೋಡಿ, ಇಂಡೆಕ್ಸ್, ಟ್ರಿಗರ್, ಪ್ರೊಸೀಜರ್ ಎಷ್ಟಿವೆ ಅಂತಲೂ ಎಣಿಸಿ, ಮುಖ್ಯ ಟೇಬಲ್‌ನ ಕೊನೇ ಸಾಲು ಎಷ್ಟು ಹೊತ್ತಿನದು ನೋಡಿ. ಈ ಎಣಿಕೆಯನ್ನೇ ಒಂದು ಸ್ಕ್ರಿಪ್ಟ್ ಮಾಡಿಟ್ಕೊಂಡು ವಾರಕ್ಕೊಮ್ಮೆ ಹಿಂದಿನ ರಾತ್ರಿಯ ಬ್ಯಾಕಪ್ ಫೈಲನ್ನ ಒಂದು ಖಾಲಿ ಮಷೀನ್‌ಗೆ ರಿಸ್ಟೋರ್ ಮಾಡಿ ಓಡಿಸಿ, ಫಲಿತಾಂಶ ಒಬ್ಬ ಮನುಷ್ಯನ ಕಣ್ಣಿಗೆ ಬೀಳೋ ಕಡೆ ಬರಲಿ, ಮತ್ತೆ ಆ ಮೇಲ್ ನಿಜವಾಗ್ಲೂ ತಲುಪ್ತಿದ್ಯಾ ಅಂತ ಒಂದು ಸಲ ಬೇಕಂತಲೇ ಫೇಲ್ ಮಾಡಿಸಿ ನೋಡಿ.

ಇಷ್ಟಾದ್ಮೇಲೂ ಆ ಎರಡು ಟೇಬಲ್ ಖಾಲಿ ಬಂದ್ರೆ, ಮೊಟ್ಟಮೊದಲ ಎರರ್ ಸಾಲು ಮತ್ತು ಆ ಟೇಬಲ್‌ಗಳ ಕ್ರಿಯೇಟ್ ಟೇಬಲ್ ಕಳಿಸಿ, ಡೇಟಾ ಬೇಡ, ಅದೆರಡು ಸಾಕು. ಎಲ್ಲ ಎಣಿಕೆ ಕೂಡೋ ತನಕ ಹಳೇ ಸರ್ವರ್ ಹಾಗೇ ಇರಲಿ.